ರೆಪ್ಪೆಯನ್ನು ಎಚ್ಚರಿಸುವ ನರ

ಆದೋನಿಯ ಸೀಮೆಯಲ್ಲಿ ಮಗಳನ್ನು ಗಂಡನ ಮನೆಗೆ ಕಳುಹಿಸುವ ತಾಯಿ ಬೀಗರಲ್ಲಿ ಬೇಡುವ ಮಾತು ಎರಡು ಭಾಷೆಗಳಲ್ಲಿಯೂ ಒಂದೇ. ಕನ್ನಡದವಳಾದರೆ ‘ಕಣ್ಣಿಗೆ ರೆಪ್ಪೆಯಂತೆ ಕಾಪಾಡಿರಿ’ ಎನ್ನುತ್ತಾಳೆ. ತೆಲುಗಿನವಳಾದರೆ ‘ಕಂಟಿಕಿ ರೆಪ್ಪಲಾ’ ಎನ್ನುತ್ತಾಳೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ನಡುವೆ ಗಡಿ ಬಿದ್ದರೂ ಈ ನುಡಿಗಟ್ಟು ಎರಡೂ ಕಡೆಗಳಲ್ಲಿ ಹಾಗೆಯೇ ಉಳಿಯಿತು. ಕಣ್ಣನ್ನು ರೆಪ್ಪೆ ಕಾಯುತ್ತದೆ, ನಿಜ. ಆದರೆ ಆ ರೆಪ್ಪೆಯನ್ನು ಎಚ್ಚರಿಸುವವರು ಯಾರು?

ಆದೋನಿ ಹತ್ತಿಯ ಊರು. ಜಿನ್ನಿಂಗ್ ಗಿರಣಿಗಳಲ್ಲಿ ಬೀಜ ಬೇರೆ, ಅರಳೆ ಬೇರೆಯಾಗುವಾಗ ನವಿರಾದ ಎಳೆಗಳು ಗಾಳಿಯಲ್ಲಿ ತೇಲುತ್ತಿರುತ್ತವೆ. ಹತ್ತಿಯನ್ನು ಬಾಚಿ ಯಂತ್ರಕ್ಕೆ ನೀಡುತ್ತಿರುವ ಹೆಣ್ಣುಮಗಳೊಬ್ಬಳ ಕಣ್ಣಿಗೆ ಅಂಥದೊಂದು ಎಳೆ ತಾಗಿತೆನ್ನಿ. ಅವಳ ಅರಿವಿಗೆ ಬರುವ ಮೊದಲೇ ರೆಪ್ಪೆ ಮುಚ್ಚಿರುತ್ತದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯದಲ್ಲಿ ರಕ್ತನಾಳಗಳಿಲ್ಲ. ನೋವನ್ನರಿಯುವ ನರತುದಿಗಳು ಮಾತ್ರ ಅಲ್ಲಿ ಒತ್ತೊತ್ತಾಗಿವೆ. ಎಳೆ ತಾಗಿದ ಸುದ್ದಿಯನ್ನು ಐದನೆಯ ಕಪಾಲನರದ ಮೇಲಿನ ಶಾಖೆ ಮಿದುಳಿನ ಕಾಂಡಕ್ಕೆ ಒಯ್ಯುತ್ತದೆ. ಅಲ್ಲಿಂದ ಆಜ್ಞೆ ಬಲಕ್ಕೂ ಎಡಕ್ಕೂ ಹೊರಡುತ್ತದೆ. ಏಳನೆಯ ನರಗಳು ಅದನ್ನು ಕಣ್ಣುಗಳ ಸುತ್ತ ಬಳೆಯಂತಿರುವ ಸ್ನಾಯುಗಳಿಗೆ ಮುಟ್ಟಿಸುತ್ತವೆ. ಎಳೆ ತಾಗಿದ್ದು ಒಂದೇ ಕಣ್ಣಿಗಾದರೂ ಎರಡೂ ಮುಚ್ಚುತ್ತವೆ. ಈ ಆಜ್ಞೆ ಹೊರಡಲು ಸೆಕೆಂಡಿನ ಹತ್ತನೆಯ ಒಂದು ಭಾಗವೂ ಬೇಡ. ಮುಚ್ಚಿದ ರೆಪ್ಪೆಯನ್ನು ಮತ್ತೆ ಎತ್ತುವುದು ಮೂರನೆಯ ನರದ ಕೆಲಸ.

ಅದೇ ಹೆಣ್ಣುಮಗಳು ಗಿರಣಿಯ ಮಬ್ಬಿನಿಂದ ಬಿಸಿಲಿಗೆ ಬಂದೊಡನೆ ಕಣ್ಣಪಾಪೆಗಳು ಕಿರಿದಾಗುತ್ತವೆ. ಇಲ್ಲಿ ಸುದ್ದಿ ತರುವುದು ಎರಡನೆಯದಾದ ದೃಷ್ಟಿನರ. ಪಾಪೆಯನ್ನು ಕುಗ್ಗಿಸುವುದು ಮೂರನೆಯ ನರದೊಡನೆ ಸಾಗಿಬರುವ ಸೂಕ್ಷ್ಮ ತಂತುಗಳು. ಒಂದು ಕಣ್ಣಿಗೆ ಬಿದ್ದ ಬೆಳಕಿಗೆ ಎರಡೂ ಪಾಪೆಗಳು ಉತ್ತರಿಸಬೇಕು. ಒಂದು ಕಣ್ಣಿನ ದೃಷ್ಟಿನರ ಪೂರ್ಣವಾಗಿ ಕೆಟ್ಟಿದ್ದರೆ ಅದಕ್ಕೆ ಬೆಳಕು ಬಿಟ್ಟಾಗ ಎರಡೂ ಪಾಪೆಗಳು ಸುಮ್ಮನಿರುತ್ತವೆ. ಇನ್ನೊಂದು ಕಣ್ಣಿಗೆ ಬಿಟ್ಟಾಗ ಎರಡೂ ಕುಗ್ಗುತ್ತವೆ. ಕುಗ್ಗಬಲ್ಲ ಶಕ್ತಿ ಇದ್ದೇ ಇರುತ್ತದೆ, ಸುದ್ದಿ ಬಂದಿರುವುದಿಲ್ಲ.

ಮುಟ್ಟದೆಯೂ ರೆಪ್ಪೆ ಬಡಿಯುವುದುಂಟು. ಹೊಳಗುಂದದ ಬಳಿಯ ದೇವರಗಟ್ಟಿನಲ್ಲಿ ವಿಜಯದಶಮಿಯ ನಡುರಾತ್ರಿ ಮಾಳ ಮಲ್ಲೇಶ್ವರನ ಬನ್ನಿ ಉತ್ಸವ ನಡೆಯುತ್ತದೆ. ಪಂಜುಗಳ ಬೆಳಕಿನಲ್ಲಿ ಬಡಿಗೆಗೆ ಬಡಿಗೆ ತಾಗುವಾಗ, ಬೀಸು ಮುಖದತ್ತ ಬಂದರೆ ಎಂಥ ಗಟ್ಟಿಗನ ಕಣ್ಣೂ ಮುಚ್ಚುತ್ತದೆ. ಈ ಬಗೆ ಹುಟ್ಟಿನಿಂದ ಬರುವುದಲ್ಲ. ಕೆಲವೇ ವಾರಗಳ ಕೂಸಿನ ಮುಖದ ಮುಂದೆ ಕೈ ಬೀಸಿದರೆ ಅದು ಬೆದರುವುದಿಲ್ಲ. ತಿಂಗಳುಗಳು ಕಳೆದು, ಕಂಡದ್ದನ್ನು ಅಪಾಯವೆಂದು ಮೇಲ್ಮಿದುಳು ಗುರುತಿಸಲು ಕಲಿತ ಮೇಲೆ ಬೆದರುತ್ತದೆ. ಕಾರ್ನಿಯಕ್ಕೆ ತಾಗಿದಾಗ ರೆಪ್ಪೆ ಮುಚ್ಚುವುದನ್ನು ಮಾತ್ರ ಯಾವ ಕೂಸೂ ಕಲಿಯಬೇಕಾಗಿಲ್ಲ.

ಆದುದರಿಂದಲೇ ಐದನೆಯ ನರವನ್ನು ಪರೀಕ್ಷಿಸುವ ವೈದ್ಯರು ರೋಗಿಯ ಕಣ್ಣಿಗೆ ಬೀಳದಂತೆ ಪಕ್ಕದಿಂದ ಕೈ ತರುತ್ತಾರೆ. ಆ ಕೈಯಲ್ಲಿರುವುದು ಹೊಸೆದು ಮೊನೆ ಮಾಡಿದ ಹತ್ತಿಯ ಎಳೆ. ಗಿರಣಿಯಲ್ಲಿ ಕಣ್ಣನ್ನು ಕಾಡುವ ಹತ್ತಿಯೇ ಇಲ್ಲಿ ಕಣ್ಣಿನ ಕಾವಲು ಎಚ್ಚರವಾಗಿದೆಯೇ ಎಂದು ಕೇಳುತ್ತದೆ. ಮಿದುಳಿನ ಕಾಂಡ ಸತ್ತಿದೆಯೇ ಎಂದು ನಿರ್ಣಯಿಸುವ ಪರೀಕ್ಷೆಗಳಲ್ಲಿಯೂ ಈ ಸ್ಪರ್ಶ ಒಂದು.

ಏಳನೆಯ ನರ ಸೋತರೆ ಊರಿಗೆಲ್ಲ ಕಾಣುತ್ತದೆ. ಬಾಯಿ ಒಂದು ಕಡೆಗೆ ಎಳೆಯುತ್ತದೆ, ಕಣ್ಣು ಮುಚ್ಚದೆ ನೀರು ಸುರಿಸುತ್ತದೆ. ಮುಖಕ್ಕೆ ಲಕ್ವ ಹೊಡೆದಿದೆಯೆಂದು ಜನ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಐದನೆಯ ನರದ ಸೋಲು ಮೌನವಾದುದು. ಮುಖ ನೆಟ್ಟಗಿರುತ್ತದೆ, ಕಣ್ಣು ಬೇಕೆಂದಾಗ ಮುಚ್ಚುತ್ತದೆ. ಆದರೆ ಧೂಳು ಕುಳಿತರೂ ಅರಿವಿಲ್ಲ, ಹುಣ್ಣಾದರೂ ನೋವಿಲ್ಲ. ನೋವಿಲ್ಲದ ಕಾರಣ ಯಾರೂ ವೈದ್ಯರಲ್ಲಿಗೆ ಹೋಗುವುದಿಲ್ಲ. ಅಷ್ಟರಲ್ಲಿ ಕಾರ್ನಿಯ ಮಸುಕಾಗಿ ದೃಷ್ಟಿ ಹೋಗಬಹುದು. ಕುಷ್ಠರೋಗದಲ್ಲಿ ಈ ಎರಡೂ ನರಗಳಿಗೆ ಪೆಟ್ಟು ಬೀಳುವುದುಂಟು: ಕಾರ್ನಿಯಕ್ಕೆ ಅರಿವಿಲ್ಲ, ರೆಪ್ಪೆಗೆ ಬಲವಿಲ್ಲ. ರೆಪ್ಪೆ ಕಣ್ಣನ್ನು ಕಾಯುವುದು, ಕಣ್ಣಿಗೆ ನೋಯುವ ಶಕ್ತಿ ಇರುವವರೆಗೆ ಮಾತ್ರ.

ಇಂಥವರಿಗೆ ಕಲಿಸಿಕೊಡುವ ಎಚ್ಚರಿಕೆಗಳು ಸರಳವಾಗಿವೆ. ದಿನವೂ ಕನ್ನಡಿಯಲ್ಲಿ ಕಣ್ಣು ಕೆಂಪಾಗಿದೆಯೇ ಎಂದು ನೋಡಿಕೊಳ್ಳುವುದು. ಧೂಳಿಗೂ ಬಿಸಿಲಿಗೂ ಕನ್ನಡಕ ಧರಿಸುವುದು. ಮಲಗುವಾಗ ಬಟ್ಟೆಯಿಂದ ಕಣ್ಣು ಮುಚ್ಚಿಕೊಳ್ಳುವುದು. ನೆನಪಿಟ್ಟುಕೊಂಡು ರೆಪ್ಪೆ ಬಡಿಯುವುದು. ನರ ತಾನಾಗಿ ಮಾಡುತ್ತಿದ್ದುದನ್ನು ಇನ್ನು ನೆನಪು ಮಾಡಬೇಕು. ನೆನಪು ದಣಿಯುತ್ತದೆ, ಗಿರಣಿಯಿಂದ ಸೋತು ಬಂದ ಸಂಜೆ ಕನ್ನಡಿ ನೋಡುವುದು ಮರೆತುಹೋಗುತ್ತದೆ. ಆಗ ಅಂಗಳದಲ್ಲಿ ಕುಳಿತ ಅತ್ತೆ ಸೊಸೆಯ ಮುಖವನ್ನು ದೀಪದತ್ತ ತಿರುಗಿಸಿ, ‘ಯಾಕವ್ವಾ, ಕಣ್ಣು ಕೆಂಪಾಗೈತಲ್ಲ, ನಾಳೆ ದವಾಖಾನಿಗೆ ಹೋಗಾಮು ನಡಿ’ ಎಂದರೆ, ಸೋತ ನರದ ಕೆಲಸವನ್ನು ಅವಳು ವಹಿಸಿಕೊಂಡಂತೆ. ಮದುವೆಯ ದಿನ ಆ ತಾಯಿ ಬೇಡಿದ್ದೂ ಇದನ್ನೇ.