ತುರ್ಭೆಯ ದೀಪ, ಸೇವಂತಿಗೆಯ ಇರುಳು

ಠಾಣೆಯಲ್ಲಿ ಗಾಡಿ ಹತ್ತಿ ಐರೋಲಿ, ರಬಾಳೆ, ಘಣಸೋಲಿ, ಕೋಪರಖೈರಣೆಗಳನ್ನು ದಾಟಿದರೆ ಬರುವುದೇ ತುರ್ಭೆ. ಒಂದು ಕಡೆ ಗುಡ್ಡದ ಸಾಲು ಮತ್ತು ಕಾರ್ಖಾನೆಗಳು. ಇನ್ನೊಂದು ಕಡೆ ದೊಡ್ಡ ಸಗಟು ಮಾರುಕಟ್ಟೆ. ಜನ ಅದನ್ನು ವಾಶಿ ಮಾರ್ಕೆಟ್ಟೆಂದು ಕರೆದರೂ ಅದು ನಿಂತಿರುವುದು ತುರ್ಭೆಯ ನೆಲದಲ್ಲಿ. ಈರುಳ್ಳಿ, ಆಲೂಗಡ್ಡೆ, ದವಸ, ಮಸಾಲೆ, ಹಣ್ಣು, ತರಕಾರಿ ಎಲ್ಲಕ್ಕೂ ಇಲ್ಲಿ ಬೇರೆ ಬೇರೆ ಅಂಗಳಗಳಿವೆ. ಮಸಾಲೆಯ ಸಾಲಿಗೆ ಕಾಲಿಟ್ಟೊಡನೆ ಬ್ಯಾಡಗಿ ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದು, ನಮ್ಮಂಥವರಿಗೆ ಊರೇ ಎದುರು ಬಂದಂತಾಗುತ್ತದೆ.

ಈ ಊರಿನಲ್ಲಿ ಸಿಗದ ವಸ್ತು ಒಂದೇ, ಕತ್ತಲೆ. ಲಾರಿಗಳು ಬರುವುದು ರಾತ್ರಿ, ಸರಕು ಇಳಿಯುವುದು ರಾತ್ರಿ, ಕಾರ್ಖಾನೆಯ ಪಾಳಿ ಬದಲಾಗುವುದೂ ರಾತ್ರಿಯೇ. ಬೀದಿದೀಪಗಳಂತೂ ಹಗಲನ್ನು ನಾಚಿಸುತ್ತವೆ. ಹೆಂಗಸರೂ ಮಕ್ಕಳೂ ಹೊತ್ತಾಗಿ ಮನೆಗೆ ಬರುವಾಗ ಈ ಬೆಳಕು ಎಷ್ಟು ದೊಡ್ಡ ಧೈರ್ಯವೆಂಬುದನ್ನು ನಾವು ಬಲ್ಲೆವು. ಆದರೆ ಈ ಬೆಳಕನ್ನು ಕಂಡು ಮೋಸ ಹೋಗುವ ಒಂದು ಜೀವ ನಮ್ಮ ಗ್ಯಾಲರಿಗಳಲ್ಲಿದೆ. ಅದು ಸೇವಂತಿಗೆ.

ಹಬ್ಬದ ದಿನಗಳಲ್ಲಿ ಮೊಗ್ಗು ತುಂಬಿದ ಸೇವಂತಿಗೆಯ ಕುಂಡವನ್ನು ಕೊಂಡು ತರದ ಕನ್ನಡದ ಮನೆ ಇಲ್ಲಿ ಕಡಮೆ. ಆ ಸಲದ ಹೂವು ಮುಗಿಯುತ್ತದೆ. ಮನೆಯಾಕೆ ಗಿಡವನ್ನು ಕತ್ತರಿಸಿ, ಗೊಬ್ಬರ ಹಾಕಿ, ಮಕ್ಕಳಂತೆ ಸಾಕುತ್ತಾಳೆ. ಮರುವರ್ಷ ಗಿಡ ಹಸುರಾಗಿ ಎತ್ತರಕ್ಕೆ ಬೆಳೆಯುತ್ತದೆ. ಹೂವು ಮಾತ್ರ ಇಲ್ಲ. ಒಂದೇ ಮನೆಯಲ್ಲಿ ಬೀದಿದೀಪದ ಕಡೆಗಿರುವ ಕುಂಡ ಬರಿಯ ಎಲೆಯಾಗಿಯೂ, ಹಿಂಬದಿಯ ಕತ್ತಲೆಯ ಕುಂಡ ಮೈತುಂಬ ಹೂವಾಗಿಯೂ ನಿಂತಿದ್ದನ್ನು ನಾವು ಕಂಡಿದ್ದೇವೆ. ದೃಷ್ಟಿ ತಗುಲಿತೆಂದು ಒಬ್ಬರು, ಮಣ್ಣು ಸರಿಯಿಲ್ಲವೆಂದು ಇನ್ನೊಬ್ಬರು ಹೇಳುತ್ತಾರೆ. ನಿಜವಾಗಿ ತಗುಲಿರುವುದು ದೀಪದ ಬೆಳಕು.

ಸೇವಂತಿಗೆ ಇರುಳನ್ನು ಅಳೆಯುವ ಗಿಡ. ಇರುಳು ಉದ್ದವಾಗುತ್ತ ಬಂದಾಗ ಅದು ಬೆಳೆಯುವುದನ್ನು ಬಿಟ್ಟು ಮೊಗ್ಗು ಕಟ್ಟುತ್ತದೆ. ನಮ್ಮ ಹಳೆಯ ನಾಟಿ ಅವರೆಯ ಗುಣವೂ ಇದೇ. ಸೊಗಡಿನ ಅವರೆಕಾಯಿಗೆ ಮಾಗಿಯ ಚಳಿಯವರೆಗೆ ಕಾಯಬೇಕಾಗಿದ್ದುದು ಇದರಿಂದಲೇ. ಹಗಲಿರುಳುಗಳ ಲೆಕ್ಕ ನೋಡದೆ ವರ್ಷವಿಡೀ ಕಾಯಿ ಬಿಡುವ ಹೆಬ್ಬಾಳ ಅವರೆಯ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಆಮೇಲೆ ತಂದುಕೊಟ್ಟರು. ಸೋಯಾ, ಭಂಗಿ, ಕೆಲವು ಜಾತಿಯ ಹೊಗೆಸೊಪ್ಪು ಇವೂ ಇದೇ ಪಂಕ್ತಿಯವು. ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು, ಬೇಸಿಗೆಯಲ್ಲಿ ಎಷ್ಟು ಬೆಳೆದರೂ ಹೂ ಬಿಡದ ಒಂದು ಹೊಗೆಸೊಪ್ಪಿನ ಗಿಡವನ್ನು ದಿನವೂ ಹೊತ್ತಿಗೆ ಮೊದಲೇ ಕತ್ತಲೆಯ ಕೋಣೆಗೆ ಸೇರಿಸಿ ಹೂ ಬಿಡಿಸಿದರು. ಅವರು ಈ ಗುಟ್ಟನ್ನು ಲೋಕಕ್ಕೆ ತಿಳಿಸಿದ್ದು 1920ರಲ್ಲಿ. ಮುಖ್ಯವಾದದ್ದು ಹಗಲಿನ ಉದ್ದವಲ್ಲ, ನಡುವೆ ತುಂಡಾಗದ ಕತ್ತಲೆ ಎಂಬುದು ಅನಂತರದ ಪ್ರಯೋಗಗಳಿಂದ ಗೊತ್ತಾಯಿತು. ನಡುರಾತ್ರಿ ಸ್ವಲ್ಪ ಹೊತ್ತು ದೀಪ ಹಚ್ಚಿದರೆ ಸಾಕು. ಗಿಡಕ್ಕೆ ಒಂದು ದೀರ್ಘ ಇರುಳು ಎರಡು ಗಿಡ್ಡ ಇರುಳುಗಳಾಗಿ ಕಾಣುತ್ತದೆ.

ಈ ಗುಟ್ಟನ್ನು ತುರ್ಭೆಯ ದೀಪ ಅರಿಯದೆ ನಡೆಸುತ್ತಿದೆ. ನಮ್ಮ ನಾಡಿನ ರೈತ ಅರಿತು ನಡೆಸುತ್ತಿದ್ದಾನೆ. ರಜೆಗೆ ಊರಿಗೆ ಹೋದಾಗ ಬೆಂಗಳೂರಿನಿಂದ ಚಿಕ್ಕಬಳ್ಳಾಪುರದ ಕಡೆಗೆ ಒಮ್ಮೆ ರಾತ್ರಿ ಪ್ರಯಾಣ ಮಾಡಿ ನೋಡಿ. ಸುತ್ತ ಕತ್ತಲೆ, ನಡುವೆ ಒಂದು ಹೊಲದ ತುಂಬ ಸಾಲುಸಾಲು ಬಲ್ಬುಗಳು. ದೂರದಿಂದ ನೋಡಿದವರಿಗೆ ಜಾತ್ರೆಯೋ ಮದುವೆಯೋ ಎಂದು ಭ್ರಮೆಯಾಗಬೇಕು. ಹತ್ತಿರ ಹೋದರೆ ಮೇಳವೂ ಇಲ್ಲ, ಓಲಗವೂ ಇಲ್ಲ. ಮೊಣಕಾಲೆತ್ತರದ ಸೇವಂತಿಗೆ ಸಸಿಗಳು ಮಾತ್ರ ನಿದ್ದೆಗೆಟ್ಟು ನಿಂತಿರುತ್ತವೆ.

ಈ ಖರ್ಚು ಏತಕ್ಕೆ? ಬೆಂಗಳೂರಿನ ಕಡೆ ಅತಿ ದೊಡ್ಡ ಹಗಲೂ 13 ಗಂಟೆಯನ್ನು ಮುಟ್ಟುವುದಿಲ್ಲ. ಡಿಸೆಂಬರಿನಲ್ಲಿ ಅದು ಹನ್ನೊಂದೂಕಾಲು ಗಂಟೆಯ ಹತ್ತಿರಕ್ಕೆ ಇಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ನೆಟ್ಟ ಸಸಿ ಗೇಣುದ್ದ ಆಗುವುದರೊಳಗೆ ಇರುಳು ಉದ್ದವಾಯಿತೆಂದು ಅವಸರಪಟ್ಟು ಮೊಗ್ಗು ಕಟ್ಟಿಬಿಡುತ್ತದೆ. ಗಿಡ ಗಿಡ್ಡ, ಕೊಂಬೆ ಕಡಮೆ, ಹೂವೂ ಕಡಮೆ. ಆದ್ದರಿಂದ ಮೊದಲ ನಾಲ್ಕಾರು ವಾರ ರಾತ್ರಿ ಹತ್ತರಿಂದ ಎರಡರವರೆಗೆ ದೀಪ ಉರಿಸಿ, ಮೊಗ್ಗು ಬಾರದಂತೆ ತಡೆದು, ಗಿಡವನ್ನು ಬೆಳೆಸುತ್ತಾರೆ. ಸಾಕಷ್ಟು ಬೆಳೆಯಿತೆಂದ ದಿನ ದೀಪ ಆರಿಸುತ್ತಾರೆ. ಅಲ್ಲಿಂದ ತಳಿಗೆ ತಕ್ಕಂತೆ ಎಂಟು ಹತ್ತು ವಾರಕ್ಕೆ ಹೂವು. ಸಂಕ್ರಾಂತಿಗೆ ಬೇಕೆ, ಶಿವರಾತ್ರಿಗೆ ಬೇಕೆ ಎಂಬುದನ್ನು ದೀಪ ಆರಿಸುವ ದಿನವೇ ಗೊತ್ತುಮಾಡುತ್ತದೆ.

ಹಿಂದೆ 60 ವಾಟಿನ ಬುರುಡೆ ದೀಪಗಳ ಕಾಲದಲ್ಲಿ ನೂರು ದೀಪ ನಾಲ್ಕು ಗಂಟೆ ಉರಿದರೆ 24 ಯೂನಿಟ್ ಆಗುತ್ತಿತ್ತು. ಈಗಿನ 9 ವಾಟಿನ ಎಲ್‌ಇಡಿಗೆ ಅದೇ ಲೆಕ್ಕದಲ್ಲಿ ನಾಲ್ಕು ಯೂನಿಟ್ಟೂ ತಗುಲುವುದಿಲ್ಲ. ಸಣ್ಣ ರೈತನಿಗೂ ಇದು ಎಟುಕಿದ್ದು ಇದರಿಂದ. ಆದರೆ ಕರೆಂಟು ಕೈಕೊಟ್ಟು ಸತತವಾಗಿ ಹಲವು ರಾತ್ರಿ ದೀಪ ಹತ್ತದೆ ಹೋದರೆ ಗಿಡ ಕಾಯುವುದಿಲ್ಲ; ಮೊಗ್ಗು ಕಾಣಿಸಿಕೊಳ್ಳುತ್ತದೆ. ಹಬ್ಬ ಕಳೆದ ಮರುದಿನ ಬಂದ ಹೂವಿಗೆ ಏನು ಬೆಲೆಯೆಂದು ದಾದರಿನ ಅಥವಾ ಕಲ್ಯಾಣದ ಹೂವಿನ ಮಾರುಕಟ್ಟೆಗೆ ಹೋಗಿ ಬಲ್ಲವರಿಗೆ ಹೇಳಬೇಕಾಗಿಲ್ಲ. ಸಾಲ ಮಾಡಿ ಸಸಿ ನೆಟ್ಟವನು ಆ ದೀಪಗಳೊಡನೆ ತಾನೂ ಎಚ್ಚರವಾಗಿರುತ್ತಾನೆ. ನಾವು ಹಬ್ಬದಲ್ಲಿ ಮೊಳ ಹೂವಿಗೆ ಚೌಕಾಸಿ ಮಾಡುವಾಗ ಅವನ ಇರುಳುಗಳನ್ನು ಒಮ್ಮೆ ನೆನೆಯುವುದು ನ್ಯಾಯ.

ಇನ್ನು ತುರ್ಭೆಯ ಕುಂಡದ ಮಾತು. ರೈತನಿಗೆ ಬೇಕಾದದ್ದು ದೀಪ. ನಮಗೆ ಬೇಕಾದದ್ದು ಕತ್ತಲೆ. ಬೇಸಿಗೆಯಲ್ಲೂ ಮಳೆಗಾಲದಲ್ಲೂ ಗಿಡ ಎಲ್ಲಿದ್ದರೂ ಚಿಂತೆಯಿಲ್ಲ. ಬೀದಿಯ ಬೆಳಕಿನಲ್ಲಿ ಬೆಳೆದು ಪೊದೆಯಾಗಲಿ. ಗಣಪತಿ ಹಬ್ಬ ಕಳೆದ ಮೇಲೆ ದಿನವೂ ಸಂಜೆ ಆರರಿಂದ ಬೆಳಿಗ್ಗೆ ಏಳೆಂಟರವರೆಗೆ ಅದನ್ನು ದೀಪ ಹಚ್ಚದ ಕೋಣೆಯಲ್ಲಿಡಿ, ಇಲ್ಲವೆ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಕವುಚಿಡಿ. ಮಾರುಕಟ್ಟೆಯಲ್ಲಿ ಅಂಥ ಪೆಟ್ಟಿಗೆಗಳಿಗೆ ಬರವಿಲ್ಲ. ಬೆಳಿಗ್ಗೆ ತಪ್ಪದೆ ತೆಗೆದು ಬಿಸಿಲಿಗಿಡಬೇಕು. ಮುಚ್ಚಿಟ್ಟ ಸೆಕೆ ಗಿಡಕ್ಕಾಗದು. ಮೊಗ್ಗು ಬಣ್ಣ ತೋರುವವರೆಗೆ ಹೀಗೆ ನಡೆಸಿದರೆ ದೀಪಾವಳಿಯ ಹಿಂದುಮುಂದಿನಿಂದ ಕಾರ್ತಿಕದೊಳಗೆ ಮನೆಯ ಹೂವನ್ನೇ ದೇವರಿಗೆ ಏರಿಸಬಹುದು. ಈ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿ. ಒಂದು ಕುಂಡಕ್ಕೆ ಪೆಟ್ಟಿಗೆ ಮುಚ್ಚಿ, ಇನ್ನೊಂದನ್ನು ದೀಪದ ಕೆಳಗೇ ಬಿಟ್ಟು ನೋಡಲಿ; ಪಾಠದ ಪುಸ್ತಕ ಹೇಳುವುದಕ್ಕಿಂತ ಚೆನ್ನಾಗಿ ಗಿಡವೇ ಹೇಳುತ್ತದೆ.

ಊರು ಬಿಟ್ಟು ಬಂದವರಾದ ನಾವು ಬೆಳಕನ್ನು ಅರಸಿಯೇ ಬಂದವರು. ದುಡಿಮೆ, ವಿದ್ಯೆ, ವೈದ್ಯ ಎಲ್ಲ ಇಲ್ಲಿ ದೊರೆತವು. ಅದನ್ನು ಹಳಿಯುವುದು ಕೃತಘ್ನತೆಯಾದೀತು. ಆದರೆ ಬೆಳೆಯುವುದಕ್ಕೆ ಬೆಳಕು ಬೇಕಾದಂತೆ ಅರಳುವುದಕ್ಕೆ ಕತ್ತಲೆಯೂ ಬೇಕೆಂಬ ಮಾತು ಸೇವಂತಿಗೆಗಷ್ಟೇ ಸಲ್ಲುವುದಲ್ಲ. ಹನ್ನೆರಡು ಗಂಟೆಯಾದರೂ ಮಲಗದ ನಮ್ಮ ಮನೆಗಳಲ್ಲಿ ಕುಂಡದ ಮೇಲೆ ಪೆಟ್ಟಿಗೆ ಕವುಚುವ ಹೊತ್ತಿಗೆ ಮಕ್ಕಳ ಕೋಣೆಯ ದೀಪವನ್ನೂ ಆರಿಸಿದರೆ ಹೂವಿನ ಜೊತೆಗೆ ಇನ್ನೂ ಒಂದು ಲಾಭವಾದೀತು.