ಬಾರದಿದ್ದರೆ, ಸಾರ್?

ತುಂಡ್ರಾ ಪ್ರದೇಶದ ಪಾಠದಲ್ಲಿ, ಚಳಿಗಾಲಕ್ಕೆ ಮುನ್ನ ಕ್ಯಾರಿಬೂ ಎಂಬ ಹಿಮಸಾರಂಗಗಳು ದಕ್ಷಿಣಕ್ಕೆ ವಲಸೆ ಬರುತ್ತವೆ, ಅಲ್ಲಿನ ಜನ ಅವನ್ನು ಬೇಟೆಯಾಡಿ ಬದುಕುತ್ತಾರೆ ಎಂದು ವರ್ಷವರ್ಷವೂ ಬರೆಯಿಸುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ, "ಬಾರದಿದ್ದರೆ, ಸಾರ್?" ಎಂದ. ತರಗತಿ ನಕ್ಕಿತು. ನಾನೂ ನಕ್ಕು ಅವನನ್ನು ಕುಳ್ಳಿರಿಸಿದೆ.

ಅವನ ಪ್ರಶ್ನೆ ಇಂದು ಅಲಾಸ್ಕಾದ ಕೋಬುಕ್ ನದೀತೀರದ ಇನ್ಯೂಪಿಯಾಟ್ ಜನರದ್ದಾಗಿದೆ. ಅಲ್ಲಿನ ಆನಿಯನ್ ಪೋರ್ಟೇಜ್ ಎಂಬಲ್ಲಿ ಸಾವಿರಾರು ವರ್ಷಗಳಿಂದ ಹಿಂಡುಗಳು ಶರತ್ಕಾಲದಲ್ಲಿ ನದಿ ದಾಟುತ್ತಿದ್ದವು. ಮುಂದಾಳು ಮಿಗಗಳನ್ನು ಕೆಣಕದೆ ದಾಟಗೊಡಬೇಕು, ಅವುಗಳ ಜಾಡು ಹಿಡಿದೇ ಉಳಿದವು ಬರುವುವು ಎಂಬುದು ಹಿರಿಯರ ಕಟ್ಟಳೆ. ಮಕ್ಕಳನ್ನು ಸಾಲಾಗಿ ನಡೆಸಿ ಬೇಸತ್ತ ನನಗೆ ಈ ಮಾತು ಬಹಳ ಹಿಡಿಸಿತು.

ಈಚೆಗೆ ಚಳಿ ತಡವಾಗುತ್ತಿದೆ, ಹಿಂಡೂ ತಡವಾಗುತ್ತಿದೆ. ಬಹುಪಾಲು ಮಿಗಗಳು ನದಿ ದಾಟದೆ ಉತ್ತರದಲ್ಲೇ ಉಳಿದ ವರ್ಷಗಳೂ ಉಂಟು. ಅರೆ ಹೆಪ್ಪುಗಟ್ಟಿದ ನದಿಯಲ್ಲಿ ದೋಣಿಯೂ ಸಾಗದು, ಸ್ನೋಮೊಬೈಲೂ ಸಾಗದು. ಅಕ್ಟೋಬರಿನಲ್ಲಿ ಬೆದೆಗೆ ಬಂದ ಗಂಡುಗಳ ಮಾಂಸ ನಾರುತ್ತದೆ. ಆದ್ದರಿಂದ ತಡವಾಗಿ ಬಂದ ಹಿಂಡಿನಲ್ಲಿ ಬೇಟೆಗಾರನು ಹೆಣ್ಣನ್ನೇ ಅರಸಬೇಕು. ಆದರೆ 2003ರಲ್ಲಿ 4,90,000 ಇದ್ದ ಈ ಪಶ್ಚಿಮ ಆರ್ಕ್ಟಿಕ್ ಹಿಂಡು 2023ಕ್ಕೆ 1,52,000ಕ್ಕಿಳಿಯಿತು. ಹೆಣ್ಣು ಹೋದರೆ ಮರಿಯೂ ಇಲ್ಲ. ಹಿಂದೆ ದಿನಕ್ಕೆ 5 ಮಿಗಗಳಿಗೆ ಅನುಮತಿಯಿತ್ತು. 2024ರಲ್ಲಿ ವರ್ಷಕ್ಕೆ 15, ಅದರಲ್ಲಿ ಹೆಣ್ಣು ಒಂದೇ ಎಂದಾಯಿತು. ಮನೆ ತುಂಬ ಮಕ್ಕಳಿರುವವನು ಆ ಒಂದನ್ನು ಹೊಡೆದ ಮೇಲೆ ಫೆಬ್ರವರಿಯಲ್ಲಿ ಏನು ಬೇಯಿಸಬೇಕು? ಅಂಗಡಿಯ ಮಾಂಸ ವಿಮಾನದಲ್ಲಿ ಬರುತ್ತದೆ, ಬೆಲೆಯೂ ಹಾಗೆಯೇ.

ಆ ಹುಡುಗನ ಮುಖ ನೆನಪಿದೆ, ಹೆಸರು ಮರೆತಿದೆ. ಇದನ್ನು ಓದಿದರೆ ಒಂದು ಸಾಲು ಬರೆಯಲಿ.