ಲಾಗ್‌ಗೆ ಏನು ಕೊಡಬೇಕು?

ಲಾಗ್ ಬರೆಯೋ ಮೆಥಡ್‌ನ ಮೊದಲ ಪ್ಯಾರಾಮೀಟರ್ ಸ್ಟ್ರಿಂಗ್ ಆಗಿರಬೇಕಾ, ಆಬ್ಜೆಕ್ಟಾ? ನಮ್ಮ ಟೀಮಿನಲ್ಲಿ ಇದರ ಮೇಲೆ ಒಂದಿಡೀ ಮಧ್ಯಾಹ್ನ ಜಗಳ ನಡೆದಿದೆ. ಹೊರಗಿನವರಿಗೆ ನಗು ಬರಬಹುದು, ನನಗೆ ಬರಲ್ಲ.

ಜಾವಾದ ಹಳೆಯ ಲಾಗ್‌ಫೋರ್‌ಜೆ 1 ಆಬ್ಜೆಕ್ಟ್ ತೆಗೆದುಕೊಳ್ಳುತ್ತಿತ್ತು. ಏನು ಕೊಟ್ಟರೂ ಸೈ. ಗ್ರಾಹಕನ ಆಬ್ಜೆಕ್ಟನ್ನು ಹಾಗೇ ಎಸೆದರೆ, ಸಾಮಾನ್ಯವಾಗಿ ಅದರ ಟುಸ್ಟ್ರಿಂಗ್ ಏನು ಹೇಳುತ್ತೋ ಅದೇ ಫೈಲಿಗೆ. ಫೋನ್ ನಂಬರೂ ಹೋಗಬಹುದು, ವಿಳಾಸವೂ. ಅದನ್ನು ಶುರು ಮಾಡಿದ ಜೆಕಿ ಗುಲ್ಜು ಅವರೇ ಮುಂದೆ ಎಸ್‌ಎಲ್‌ಎಫ್‌ಫೋರ್‌ಜೆ ಮಾಡಿದಾಗ ಸಂದೇಶದ ಜಾಗವನ್ನು ಸ್ಟ್ರಿಂಗ್‌ಗೆ ಬಿಗಿದರು. ಆಬ್ಜೆಕ್ಟುಗಳು ಅದರ ಹಿಂದೆ, {} ಇರುವಲ್ಲಿ ತುಂಬೋಕೆ.

ಇದರಲ್ಲಿ ಉಳಿತಾಯವೂ ಇದೆ. ಪ್ಲಸ್ ಹಾಕಿ ಜೋಡಿಸಿದರೆ, ಡೀಬಗ್ ಆಫ್ ಇದ್ದರೂ ಸ್ಟ್ರಿಂಗ್ ಕಟ್ಟೋ ಕೆಲಸ ನಡೆದೇ ತೀರುತ್ತೆ. {} ಇದ್ದರೆ ಆ ಖರ್ಚಿಲ್ಲ. ಒಂದು, ಎರಡು ಆರ್ಗ್ಯುಮೆಂಟಿಗೆ ಬೇರೆ ಬೇರೆ ಮೆಥಡ್ ಇಟ್ಟಿರೋದು, ಅರೇ ಕಟ್ಟೋದು ತಪ್ಪಲಿ ಅಂತ. ಲಾಗ್‌ಫೋರ್‌ಜೆ 2 ಹೀಗೇ 10ರವರೆಗೂ ಹೋಯಿತು. ಲೆಕ್ಕ ಹಾಕೋದೇ ದುಬಾರಿಯಾದರೆ ಅದಕ್ಕೆ ಸಪ್ಲೈಯರ್ ಕೊಡಬಹುದು. ಬೇಕಾದಾಗ ಮಾತ್ರ ಅದನ್ನು ಕರೆಯುತ್ತೆ.

ಆದರೆ ನನ್ನ ಹಟ ಉಳಿತಾಯಕ್ಕಲ್ಲ. ನಮ್ಮೂರ ಅಂಗಡಿಯ ಉದ್ರಿ ಪುಸ್ತಕದಲ್ಲಿ ಯಾರು, ಏನು, ಎಷ್ಟು ಅಂತಷ್ಟೇ ಇರುತ್ತಿತ್ತು. ತಗೊಂಡವರ ಮನೆ ಕಷ್ಟವೆಲ್ಲ ಅಂಗಡಿಯವರಿಗೆ ಗೊತ್ತಿದ್ದರೂ ಪುಸ್ತಕಕ್ಕೆ ಇಳಿಯುತ್ತಿರಲಿಲ್ಲ.

{} ಜಾಗಕ್ಕೆ ಇಡೀ ಗ್ರಾಹಕನನ್ನೇ ತುಂಬೋರನ್ನು ಸ್ಟ್ರಿಂಗ್ ತಡೆಯಲ್ಲ, ನಿಜ. ಆದರೂ ಒಂದು ವಾಕ್ಯ ಬರೆಯಲೇಬೇಕು ಅಂದಾಗ, ಇದರಲ್ಲಿ ಯಾವುದು ಬೇಕು ಅಂತ ಕೈ ಒಂದು ಕ್ಷಣ ನಿಲ್ಲುತ್ತೆ. ಆ ಒಂದು ಕ್ಷಣಕ್ಕೇ ಅವತ್ತು ಅಷ್ಟು ಜಗಳ ಆಡಿದ್ದು.